ಪುಣೆಯಲ್ಲಿರುವ ಯಜಮಾನರು

ಹಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತಿತ್ತು. ನೀಲಮಳ ಕಣ್ಣು ಮಾತ್ರ ಅದರ ಮೇಲೆ ಇರಲಿಲ್ಲ.

ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಒಂದು ಸಂಶೋಧನಾ ಲೇಖನ ತೆರೆದಿತ್ತು. ಕೃಷ್ಣಾ ದಂಡೆಯಲ್ಲಿ ಉಪ್ಪು ಹಿಡಿದು ಬೆಳೆ ಬಾರದಂತಾದ ಸವಳು ಭೂಮಿಯ ಬಗ್ಗೆ. ಅಕ್ಷರಗಳು ಸಾಸಿವೆಗಿಂತ ಸಣ್ಣವು. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯಾಚೆ ಓಡಿಹೋಗುತ್ತಿತ್ತು. ಬೆರಳ ತುಂಬ ಹಿಟ್ಟು. ಆದ್ದರಿಂದ ಓಡಿದ ಸಾಲನ್ನು ಅವಳು ಕಿರುಬೆರಳಿನ ಗಿಣ್ಣಿನಿಂದ ಎಳೆದು ತರುತ್ತಿದ್ದಳು.

"ಅವ್ವಾ, ರೊಟ್ಟಿ ಹೊತ್ತಾಕತ್ತೈತಿ!" ಎಂದಳು ಭಾಗ್ಯಾ. ಏಳು ವರ್ಷದ ಮಗಳು ಹೊಸ್ತಿಲಲ್ಲಿ ಕುಳಿತು ಜಡೆಗೆ ರಿಬ್ಬನ್ನು ಕಟ್ಟಿಕೊಳ್ಳಲು ಒದ್ದಾಡುತ್ತಿದ್ದಳು.

ನೀಲಮ ಗಡಿಬಿಡಿಯಿಂದ ರೊಟ್ಟಿ ಮಗುಚುವಷ್ಟರಲ್ಲಿ ಹೊರಗಿನಿಂದ ಗಂಡಸಿನ ದನಿ ಕೇಳಿತು.

"ಯಾರದೀರ್ರಿ ಮನ್ಯಾಗ? ಒಂದ ಚರಗಿ ನೀರ ಕೊಡ್ರಿ."

ಒಂದು ಕೈಯಲ್ಲಿ ನೀರಿನ ಚರಗಿ, ಇನ್ನೊಂದರಲ್ಲಿ ಮೊಬೈಲು ಹಿಡಿದೇ ಅವಳು ಹೊರಬಂದಳು. ಅಂಗಳದಲ್ಲಿ ನಿಂತವನ ಮೊಣಕಾಲಿನವರೆಗೂ ಕೆಸರು. ಹೆಗಲ ಚೀಲದಲ್ಲಿ ಮಣ್ಣು ತುಂಬಿದ ಪ್ಲಾಸ್ಟಿಕ್ ಪೊಟ್ಟಣಗಳು. ಪಡಸಾಲೆಯ ಗೋಡೆಯ ಮೇಲಿದ್ದ ಬುದ್ಧನ ಪಟವನ್ನು ಅವನು ನೋಡಿದ. ಚರಗಿ ಎತ್ತಿ ಗಟಗಟ ಕುಡಿದ. ಆಮೇಲೆ ಅವನ ಕಣ್ಣು ಅವಳ ಮೊಬೈಲಿನ ಮೇಲೆ ಬಿತ್ತು.

"ಆ ಪೇಪರ್ ಓದಾಕತ್ತೀರೇನ್ರಿ? ಅದರಾಗಿನ ಮೂರನೇ ಟೇಬಲ್ ನಂಬಬ್ಯಾಡ್ರಿ. ತಪ್ಪೈತಿ."

ನೀಲಮಳಿಗೆ ರೇಗಿತು. ತನ್ನ ಪಿಎಚ್.ಡಿ.ಗಾಗಿ ಆ ಟೇಬಲನ್ನೇ ಅವಳು ವಾರವಿಡೀ ಕಣ್ಣು ಕಿರಿದು ಮಾಡಿ ಓದಿದ್ದಳು!

"ಬರದವ್ರಿಗಿಂತ ನಿಮಗ ಹೆಚ್ಚ ಗೊತ್ತೈತೇನ್ರಿ?"

ಅವನು ಚರಗಿ ಕೆಳಗಿಟ್ಟು, ಶಾಲೆಯ ಹುಡುಗನಂತೆ ತಲೆ ಕೆರೆದುಕೊಂಡ.

"ಬರದಾವ ನಾನ ಅದೀನ್ರಿ."

ಭಾಗ್ಯಾ ಕಿಸಕ್ಕನೆ ನಕ್ಕಳು. ನೀಲಮಳಿಗೂ ನಗು ತಡೆಯಲಾಗಲಿಲ್ಲ. ಎಷ್ಟು ದಿನಗಳ ಮೇಲೆ ಹಾಗೆ ನಕ್ಕಿದ್ದಳೋ...

ಅವನ ಹೆಸರು ಸಿದ್ದಲಿಂಗ. ಅಥಣಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ. ಆ ಕಡೆಯೇ ದ್ರಾಕ್ಷಿ ತೋಟವಿದ್ದ ಮನೆತನ. ಟೇಬಲಿನಲ್ಲಿ ಒಂದೂರಿನ ಅಂಕಿ ಇನ್ನೊಂದೂರಿನ ಮುಂದೆ ಕೂತುಬಿಟ್ಟಿದ್ದಕ್ಕೆ, ಅದನ್ನು ಸರಿಪಡಿಸಲೆಂದು ನೀಲಮಳ ಊರಾದ ಜುಗೂಳದ ಹೊಲಗಳ ಮಣ್ಣನ್ನು ಮತ್ತೆ ತೆಗೆಯಲು ಬಂದಿದ್ದ.

"ನಿಮ್ಮ ಹಿತ್ತಲ ಹಿಂದಿನ ಹೊಲದ ಮಣ್ಣ ಬೇಕಾಗಿತ್ರಿ. ಯಜಮಾನ್ರನ್ನ ಕೇಳಿ ತಗೊಂಡ್ರ ಛಲೋ. ಅದಾರೇನ್ರಿ?"

ಅವನ ನೋಟ ಅವಳ ಮುಂಗೈಯ ಹಸಿರು ಬಳೆಗಳ ಮೇಲೆ ಒಂದು ಗಳಿಗೆ ನಿಂತು ಸರಿಯಿತು.

ಮನೆಯಲ್ಲಿ ಬೇರೆ ಯಾರೂ ಇಲ್ಲ. ಅತ್ತೆ ಕಬ್ಬಿನ ಕೆಲಸಕ್ಕೆ ಹೋಗಿದ್ದಳು. ಎದುರಿಗೆ ಅಪರಿಚಿತ ಗಂಡಸು.

"ಅವರು... ಪುಣೆದಾಗ ಇರ್ತಾರ್ರಿ," ಎಂದುಬಿಟ್ಟಳು ನೀಲಮ.

ರಿಬ್ಬನ್ನು ಕಟ್ಟುತ್ತಿದ್ದ ಭಾಗ್ಯಾಳ ಕೈ ನಿಂತಿತು.

ಅವಳ ಗಂಡ ಸಮಾಧಾನ ಪುಣೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದದ್ದು ನಿಜ. ಆದರೆ ನಾಲ್ಕು ವರ್ಷಗಳ ಹಿಂದೆ, ಪಾಳಿ ಮುಗಿಸಿ ಕೋಣೆಗೆ ಮರಳುವಾಗ, ಲಾರಿಯೊಂದು ಅವನ ಮೇಲೆ ಹರಿದು ಜೀವ ತೆಗೆದಿತ್ತು. ಆ ದಿನ ಅವಳ ಬಳೆ ಒಡೆಯಲು ಬಂದ ಓಣಿಯ ಹೆಂಗಸರಿಗೆ ಅತ್ತೆ ಅಕ್ಕುತಾಯಿ ಬಾಗಿಲಲ್ಲಿ ಅಡ್ಡ ನಿಂತಿದ್ದಳು. "ನಾವು ಬುದ್ಧನ ದಾರಿ ಹಿಡದ ಮಂದಿ. ನನ್ನ ಸೊಸಿ ಕೈ ಯಾರೂ ಮುಟ್ಟಬ್ಯಾಡ್ರಿ!" ಅಂದಿನಿಂದ ಬಳೆಗಾರ ಬಂದಾಗಲೆಲ್ಲ ಅಕ್ಕುತಾಯಿಯೇ ಸೊಸೆಯ ಕೈ ಹಿಡಿದು ಕೂರಿಸುತ್ತಿದ್ದಳು.

ಸಿದ್ದಲಿಂಗನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತಂದೆ ಸತ್ತ ದಿನದಿಂದ ಬೋಳಾದ ತಾಯಿಯ ಕೈಯನ್ನು ನೋಡುತ್ತಲೇ ಬೆಳೆದವನು ಅವನು. ಹಸಿರು ಬಳೆ ಎಂದರೆ ಅವನಿಗೆ ಒಂದೇ ಅರ್ಥ.

ಮಣ್ಣು ತುಂಬಿಕೊಂಡು ಹೊರಡುವಾಗ ಅವನು ತಿರುಗಿ ಅಂದ, "ಮೇಡಂ, ಇಷ್ಟ ಸಣ್ಣ ಮೊಬೈಲ್‌ದಾಗ ಓದಿದ್ರ ಪದವಿ ಬರೂದ್ರಾಗ ಕಣ್ಣ ಹೋಗತಾವ್ರಿ. ಒಂದ ಟ್ಯಾಬ್ ತಗೋರಿ."

"ಗೆಸ್ಟ್ ಲೆಕ್ಚರರ್ ಪಗಾರದಾಗ?"

"ಅಗ್ಗದ್ದ ಹುಡುಕೂಣಂತ. ನನ್ನ ತಪ್ಪ ಟೇಬಲ್‌ಗೆ ದಂಡಾ ಅಂತ ತಿಳೀರಿ."

*

ದಂಡ ಕಟ್ಟಲು ಅವನು ಮತ್ತೆ ಮತ್ತೆ ಬಂದ. ಬಂದಾಗಲೆಲ್ಲ ಹಿತ್ತಲ ಹಿಂದಿನ ಹೊಲದಿಂದ ಒಂದಿಷ್ಟು ಮಣ್ಣು ತುಂಬಿಕೊಂಡು ಹೋದ.

ಮೊದಲ ಸಲ ಅಕ್ಕನ ಮಗನ ಏಳಿಂಚಿನ ಟ್ಯಾಬ್ ತಂದ. ಎರಡು ಕಾಲಮಿನ ಪುಟ ಅದರಲ್ಲಿ ಇರುವೆ ಸಾಲಿನಂತೆ ಕಂಡಿತು. "ಇದು ಹುಡುಗೂರು ಆಡಾಕ ಛಲೋ," ಎಂದು ತಾನೇ ತಳ್ಳಿಹಾಕಿದ.

ಇನ್ನೊಂದು ಸಲ ಗೆಳೆಯನಿಂದ ಕಪ್ಪು-ಬಿಳುಪಿನ ಓದುಯಂತ್ರ ತಂದ. ಬಿಸಿಲಲ್ಲಿ ಹಿಡಿದರೂ ಕಾಗದದ ಹಾಗೆ ಕಾಣುತ್ತಿತ್ತು, ಕಣ್ಣಿಗೆ ತಂಪು. ನೀಲಮ ಆಸೆಯಿಂದ ತನ್ನ ನಕಾಶೆ ತೆರೆದಳು. ಸವಳಿನ ಕೆಂಪೂ, ಕಬ್ಬಿನ ಹಸಿರೂ ಒಂದೇ ಬೂದಿ ಬಣ್ಣವಾಗಿದ್ದವು!

"ನಿಮ್ಮ ನದಿ ದಂಡಿ ಎಲ್ಲಾ ಸ್ಮಶಾನ ಆತಲ್ರಿ ಮೇಡಂ!"

"ಸರ್, ಕೆಟ್ಟ ಮಾತ ಆಡಬ್ಯಾಡ್ರಿ!" ಎಂದು ಅವಳು ನಗುತ್ತಲೇ ಗದರಿದಳು.

ಪ್ರತಿ ಸಲವೂ ಕೊನೆಗೆ ಅವನು ಕೇಳುತ್ತಿದ್ದ, "ಮನೆಯವರು ಏನಂತಾರ್ರಿ?"

ಪ್ರತಿ ಸಲವೂ ಅವಳು ಹೇಳುತ್ತಿದ್ದಳು, "ಫೋನ್ ಮಾಡಿದಾಗ ಕೇಳಿ ಹೇಳ್ತೀನ್ರಿ."

ಯಾಕೆ ಹೇಳುತ್ತಿದ್ದಳು? ಮೊದಲ ದಿನ ಅದು ಬೇಲಿಯಾಗಿತ್ತು. ಗಂಡ ಸತ್ತಿದ್ದಾನೆಂದು ತಿಳಿದೊಡನೆ ಗಂಡಸರ ದನಿ ಹೇಗೆ ಬದಲಾಗುತ್ತದೆಂದು ಅವಳು ಕಂಡಿದ್ದಳು. ಕೆಲವರು ಅಯ್ಯೋ ಪಾಪ ಎನ್ನುತ್ತಿದ್ದರು. ಕೆಲವರು ಕೆಲಸವಿಲ್ಲದೆಯೂ ಫೋನ್ ಮಾಡುತ್ತಿದ್ದರು. ಈತ ಹಾಗಲ್ಲ ಎಂದು ತಿಳಿಯುವಷ್ಟರಲ್ಲಿ ಬೇಲಿ ಅವಳ ಎತ್ತರಕ್ಕಿಂತ ಮೇಲೆ ಬೆಳೆದಿತ್ತು.

ಇನ್ನೂ ಒಂದು ಕಾರಣವಿತ್ತು. ಅದನ್ನು ಅವಳು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಯಜಮಾನರು ಹೂಂ ಎಂದರೆ ಟ್ಯಾಬ್ ಬರುತ್ತದೆ. ಟ್ಯಾಬ್ ಬಂದರೆ... ಸರ್ ಬರುವುದು ನಿಲ್ಲುತ್ತದೆ!

ಛೀ! ಸತ್ತ ಗಂಡನ ಹೆಸರು ಹೇಳಿ ಇನ್ನೊಬ್ಬನ ದಾರಿ ಕಾಯುತ್ತಿದ್ದೇನಲ್ಲ... ಒಗ್ಗರಣೆ ಹಾಕುವಾಗ, ಬಟ್ಟೆ ಹಿಂಡುವಾಗ ಆ ಮಾತು ಅವಳನ್ನು ಚುಚ್ಚುತ್ತಿತ್ತು.

*

ಕೊನೆಗೆ ಒಂದು ಭಾನುವಾರ ನೀಲಮ, ಭಾಗ್ಯಾ, ಸಿದ್ದಲಿಂಗ ಮೂವರೂ ಚಿಕ್ಕೋಡಿಗೆ ಹೋದರು. ಬಸ್ ಸ್ಟ್ಯಾಂಡಿನೆದುರು ಸಿದ್ದಲಿಂಗನ ಗುರುತಿನ ಮೊಬೈಲ್ ಅಂಗಡಿ, ಮಾಲೀಕ ಆಬಾಸಾಹೇಬ. ಮಾತಿನ ಮಲ್ಲ.

"ಯಾ ಯಾ, ಬರ್ರಿ! ವೈನಿ, ಹಿಂಗ ಫ್ಯಾನ್ ಕೆಳಗ ಕೂಡ್ರಿ," ಎಂದು ನೀಲಮಳನ್ನು ಅತ್ತಿಗೆಯೆಂದೇ ಕರೆದು ಕೂರಿಸಿದ.

ಸಿದ್ದಲಿಂಗ ಒಂದು ಹೊಸ ಟ್ಯಾಬನ್ನೂ, ಒಂದು ಹಳೆಯದನ್ನೂ ಅಕ್ಕಪಕ್ಕ ಇರಿಸಿದ. "ಹೊಸಾದು ಅಗ್ಗ ಐತಿ, ಹೊಳೀತೈತಿ. ಆದ್ರ ಬರದ ನೋಡ್ರಿ."

ಹೊಸದರ ಜೊತೆಗಿದ್ದ ಬರೆಯುವ ಕಡ್ಡಿಗೆ ತುದಿಯಲ್ಲಿ ದಪ್ಪ ರಬ್ಬರು. ನೀಲಮ ಬರೆಯಲು ಕೈ ಊರಿದಳು. ಅಂಗೈ ತಾಗಿದಲ್ಲೆಲ್ಲ ಪರದೆಯ ಮೇಲೆ ಕೊಂಕು ಗೆರೆಗಳು ಎದ್ದವು. ಕೈ ಎತ್ತಿ ಹಿಡಿದರೆ ಅಕ್ಷರ ನಡುಗಿತು.

"ಹಿಂಗ ಗಾಳ್ಯಾಗ ಕೈ ಹಿಡದ ಎಷ್ಟೊತ್ತ ಬರೀತೀರಿ? ಈಗ ಇದು. ದೊಡ್ಡ ಕಂಪನಿದು, ಹಳೇ ಮಾಡೆಲ್, ಒಬ್ಬರು ವಾಪರಿಸಿದ್ದು. ಆದ್ರ ಪೆನ್ ಖರೇ ಪೆನ್. ಕೈ ಊರಿದ್ರೂ ಪೆನ್ನಿನ ಮಾತಷ್ಟ ಕೇಳತೈತಿ. ಹತ್ತಿಂಚು, ಇಡೀ ಪುಟಾ ಕಾಣತೈತಿ. ನೀವು ಗುರುತ ಮಾಡಿದ್ದು ಫೈಲ್‌ದಾಗ ಉಳೀತೈತಿ, ನಿಮ್ಮ ಗೈಡ್‌ಗೂ ಕಳಸಬಹುದು."

ಪರೀಕ್ಷೆಗೆಂದು ಅವನು ತನ್ನ ಲೇಖನವನ್ನೇ ತೆರೆದುಕೊಟ್ಟ. ನೀಲಮ ಬಳೆಗಳನ್ನು ಮೊಣಕೈಯತ್ತ ಸರಿಸಿ, ಕೈ ಪೂರ್ತಿ ಊರಿ, ಮೂರನೇ ಟೇಬಲಿನ ಪಕ್ಕ ಕೆಂಪಿನಲ್ಲಿ 'ತಪ್ಪು' ಎಂದು ಬರೆದಳು. ಒಂದೂ ಕೊಂಕು ಗೆರೆ ಏಳಲಿಲ್ಲ. ಅಕ್ಷರ ಮುತ್ತಿನಂತೆ ಕೂತಿತು!

ಇಬ್ಬರೂ ಒಟ್ಟಿಗೆ ನಕ್ಕರು. ತಲೆಗಳು ಅದೆಷ್ಟು ಹತ್ತಿರ ಬಂದಿದ್ದವು ಎಂಬುದು ಆಮೇಲೆ ಗೊತ್ತಾಯಿತು.

ಆಬಾಸಾಹೇಬ ಕಣ್ಣು ಮಿಟುಕಿಸಿದ. "ಸಾಹೇಬ್ರ, ಹೆಂಡತಿಗೆ ಕೊಡಸೂದ ಅಂದಮ್ಯಾಲ ಹಿಂಗ ಕಂಜೂಷಿ ಮಾಡಬಾರದ್ರಿ. ಕವರೂ ಒಂದ ಹಾಕ್ಸಿಬಿಡ್ರಿ!"

ನೀಲಮಳ ಮುಖ ಬೆಂಕಿಯಾಯಿತು. ಹೇಳು... ಈಗಲೇ ಹೇಳಿಬಿಡು... ಎಂದಿತು ಮನಸ್ಸು. ಅವಳು ಟ್ಯಾಬಿನ ಪರದೆಯನ್ನು ಸೆರಗಿನಿಂದ ಒರೆಸತೊಡಗಿದಳು.

ಸಿದ್ದಲಿಂಗ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. "ಹಂಗಲ್ರಿ ಆಬಾಸಾಹೇಬ. ಇವರ ಮನೆಯವರು ಪುಣೆದಾಗ ಇರ್ತಾರ."

ಅವಳದೇ ಸುಳ್ಳು. ಅವನ ಬಾಯಿಂದ ಬಂದಾಗ ಅದು ಎಷ್ಟು ನಿಜದಂತೆ ಕೇಳಿಸಿತು! ಪಕ್ಕದಲ್ಲಿ ಕೂತಿದ್ದ ಭಾಗ್ಯಾ ಅವನ ಮುಖ ನೋಡಿದಳು, ಆಮೇಲೆ ಅವ್ವನ ಮುಖ ನೋಡಿದಳು.

"ಇದ ಇರಲ್ರಿ," ಎಂದಳು ನೀಲಮ ಕುಗ್ಗಿದ ದನಿಯಲ್ಲಿ. "ಮನ್ಯಾಗ ಕೇಳಿ ಬಂದ ತಗೋತೀನಿ."

ಮರಳುವ ಬಸ್ಸಿನಲ್ಲಿ ಸಿದ್ದಲಿಂಗ ಒಂದೂ ತಮಾಷೆ ಮಾಡಲಿಲ್ಲ. ಎರಡು ದಿನ ಕಳೆದ ಮೇಲೆ ಅವನ ಸಂದೇಶ ಬಂತು. 'ಮೇಡಂ, ಆ ಹಳೇ ಮಾಡೆಲ್ ನಿಮಗ ಸರಿ ಐತಿ. ಆಬಾಸಾಹೇಬ ತೆಗೆದಿಟ್ಟಾನ. ಯಜಮಾನ್ರು ಬಂದಾಗ ಅವರ ಜೋಡಿ ಹೋಗಿ ತಗೋರಿ. ಇನ್ನ ನಾ ಜುಗೂಳಕ್ಕ ಬರೂದಿಲ್ಲ.'

ನೀಲಮ ಮೊಬೈಲನ್ನು ಎದೆಗೊತ್ತಿಕೊಂಡು ಹಿತ್ತಲಲ್ಲಿ ನಿಂತಳು. ಬೈಯಬೇಕೆಂದರೆ ಬೈಯಲು ಯಾರೂ ಇರಲಿಲ್ಲ. ಅವನನ್ನು ಕಳಿಸಿದ್ದು ಅವಳೇ.

*

ಒಂದು ಮುಂಜಾನೆ ಅಕ್ಕುತಾಯಿ ಕೆಲಸಕ್ಕೆ ಹೋಗಲಿಲ್ಲ. ಸೊಸೆ ಅಕ್ಕಿ ಹಸನು ಮಾಡುತ್ತಿದ್ದಲ್ಲಿಗೆ ಬಂದು, ಎದುರಿಗೆ ಕಾಲು ಚಾಚಿ ಕೂತಳು.

"ನೀಲಾ, ಕೂಸು ನಿನ್ನೆ ಬಸ್ ಸ್ಟ್ಯಾಂಡಿನ್ಯಾಗ ಕಂಡಕ್ಟರ್‌ನ್ನ ಏನ ಕೇಳ್ಯಾಳ ಗೊತ್ತೈತೇನು? ಪುಣೆಕ ಹೋಗೂ ಬಸ್ ಎಷ್ಟೊತ್ತಿಗೆ ಬರತೈತಿ ಅಂತ."

ಮೊರ ನೀಲಮಳ ಕೈಯಿಂದ ಜಾರಿತು. ಅಕ್ಕಿ ನೆಲದ ತುಂಬ ಚೆಲ್ಲಿತು.

"ನಮ್ಮಪ್ಪ ಅಲ್ಲಿ ಅದಾನ, ಅವ್ವ ಫೋನಿನ್ಯಾಗ ಮಾತಾಡ್ತಾಳ, ನನಗ ಮಾತ್ರ ಕೊಡೂದಿಲ್ಲ ಅಂದ್ಳು ನನ್ನ ಮುಂದ. ಆಕಿಗೆ ಸತ್ತದ್ದು ಗೊತ್ತಿತ್ತಲ್ಲವಾ. ಆದ್ರ ಹಡದವ್ವನ ಬಾಯಿಂದ ಬಂದ ಮಾತು, ಯಾ ಕೂಸ ನಂಬೂದಿಲ್ಲ ಹೇಳು."

"ಅತ್ತೀ..." ಎಂದಳು ನೀಲಮ. ನಾನು ನನ್ನ ಮಗಳ ಅಪ್ಪನನ್ನು ಎಬ್ಬಿಸಿ ಕೂರಿಸಿಬಿಟ್ಟೆ! ಈಗ ಮತ್ತೊಮ್ಮೆ ಸಾಯಿಸಬೇಕು... ನಾನೇ...

ಅಕ್ಕುತಾಯಿ ಅವಳನ್ನು ಬೈಯಲಿಲ್ಲ. ಚೆಲ್ಲಿದ ಅಕ್ಕಿಯನ್ನು ಅಂಗೈಯಲ್ಲಿ ಬಳಿದು ಮೊರಕ್ಕೆ ಹಾಕುತ್ತ ಹೇಳಿದಳು.

"ನನ್ನ ಮಗ ದುಡದ ದುಡದ ದಣದ ಹೋದಾಂವ. ಸತ್ತಮ್ಯಾಲೂ ಅವನ್ನ ಪುಣೆದಾಗ ಪಾಳಿಗೆ ನಿಲ್ಲಿಸಿಯಲ್ಲ ನೀನು. ಸಾಕ ಮಾಡು. ದಣಿವು ಆರಿಸ್ಕೊಳ್ಳಾಕ ಬಿಡು ಅವನ್ನ."

ನೀಲಮ ಅತ್ತೆಯ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಅಳು ಇಳಿಯುವವರೆಗೂ ಅಕ್ಕುತಾಯಿ ಬೆನ್ನು ಸವರಿದಳು.

"ಆ ಮಣ್ಣಿನ ಮಾಸ್ತರ... ಒಳ್ಳೇಂವೇನು?"

"ಹೂಂ ಅತ್ತಿ."

"ಮತ್ತ ಅವನಿಗ್ಯಾಕ ಶಿಕ್ಷಾ? ಹೋಗು. ಮೊದಲ ಕೂಸಿಗೆ ಖರೇ ಹೇಳು. ಆಮ್ಯಾಲ ಅವನಿಗೆ."

ಅಂದು ಸಂಜೆ ಶಾಲೆಯಿಂದ ಬಂದ ಮಗಳನ್ನು ನೀಲಮ ನದಿಯ ಮೆಟ್ಟಿಲಿಗೆ ಕರೆದೊಯ್ದಳು. ಮಡಿಲಲ್ಲಿ ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ಅಪ್ಪ ಪುಣೆದಾಗ ಇಲ್ಲವಾ ನನ್ನ ಕೂಸ. ನಾ ಸುಳ್ಳ ಹೇಳಿದ್ನಿ. ಅಪ್ಪ ಸತ್ತಾನ. ಇದೇ ನೀರಾಗ ಅವನ ಬೂದಿ ಬಿಟ್ಟೇವಿ. ಅವ್ವಂದು ತಪ್ಪಾತು."

ಭಾಗ್ಯಾ ಅಳಲಿಲ್ಲ. ನೀರನ್ನೇ ನೋಡಿದಳು. ತುಟಿ ಏನನ್ನೋ ಕೇಳಲು ತೆರೆದು ಮುಚ್ಚಿತು. ಅಂದಿನಿಂದ ಅವಳು ಊಟ ಮಾಡಿದಳು, ಶಾಲೆಗೆ ಹೋದಳು, ಅಜ್ಜಿಯ ಮಗ್ಗುಲಲ್ಲಿ ಮಲಗಿದಳು. ಆದರೆ ಸದಾ ಪ್ರಶ್ನೆ ಕೇಳಿ ಜೀವ ತಿನ್ನುತ್ತಿದ್ದ ಹುಡುಗಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಆ ಮೌನ ನೀಲಮಳನ್ನು ಕೊಯ್ಯುತ್ತಿತ್ತು.

*

"ಸರ್, ಭಾನುವಾರ ಚಿಕ್ಕೋಡಿ ಅಂಗಡಿಗೆ ಬರ್ರಿ. ನಮ್ಮ ಮನೆಯವರ ವಿಷಯ ಮಾತಾಡೂದೈತಿ," ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು.

ಸಿದ್ದಲಿಂಗ ಮೊದಲೇ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಡಿದ ಮುಖ. ನೀಲಮ ಮಗಳ ಕೈ ಹಿಡಿದು ಒಳಬಂದೊಡನೆ ಅವನ ಕಣ್ಣು ಅವಳ ಬೆನ್ನ ಹಿಂದೆ ಹುಡುಕಿತು.

"ಯಜಮಾನ್ರು ಬರಲಿಲ್ಲೇನ್ರಿ? ನಾ ಅವರ ಕ್ಷಮಾ ಕೇಳೂದೈತಿ."

"ನೀವು... ಯಾಕ್ರಿ?"

"ಅವರ ಮುಂದ ಹೇಳ್ತೀನ್ರಿ."

ಗಾಜಿನ ಕಪಾಟು ಒರೆಸುತ್ತಿದ್ದ ಆಬಾಸಾಹೇಬ ಇಬ್ಬರ ಮುಖವನ್ನೂ ನೋಡಿದ. "ನಾ ಚಹಾ ಹೇಳಿ ಬರ್ತೀನಿ. ಅಂಗಡಿ ಕಡೆ ಲಕ್ಷ್ಯ ಇರಲಿ," ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಮಗಳ ಕೈ ಬಿಡದೆ ನೀಲಮ ಹೇಳಿಬಿಟ್ಟಳು.

"ಅವರು ಬರೂದಿಲ್ರಿ ಸರ್. ಅವರು ಸತ್ತ ನಾಕ ವರ್ಷಾತು."

ಸಿದ್ದಲಿಂಗನ ಕಣ್ಣು ಅವಳ ಬಳೆಗಳಿಗೆ ಹೋಯಿತು. ಅಲ್ಲಿಂದ ಮುಖಕ್ಕೆ ಬಂತು.

"ಇವು ನಮ್ಮತ್ತಿ ಇಡಿಸಿದ್ದು. ಒಡೀಬಾರದು ಅಂದ್ಳು. ಬಳಿ ಸುಳ್ಳ ಹೇಳಿಲ್ರಿ ಸರ್, ಹೇಳಿದಾಕಿ ನಾನು."

"ಇಷ್ಟ ದಿನಾ..." ಎಂದ ಅವನು. "ನನ್ನ ಮ್ಯಾಲ ಅಷ್ಟೂ ನಂಬಿಕಿ ಇರಲಿಲ್ಲೇನ್ರಿ?"

"ಮೊದಲ ದಿನಾ ನಂಬಿಕಿ ಇರಲಿಲ್ಲ. ಆಮ್ಯಾಲ ನಂಬಿಕಿ ಬಂತು, ಧೈರ್ಯ ಇರಲಿಲ್ಲ. ಟ್ಯಾಬ್ ಸಿಕ್ಕಬಿಟ್ರ ನೀವು ಬರೂದ ನಿಲ್ಲಸ್ತೀರಿ ಅಂತ... ಸತ್ತವರ ಹೆಸರ ಮುಂದ ಮಾಡಿ ದಿನಾ ದೂಡಿದ್ನಿ. ಅವರಿಗೂ ದ್ರೋಹ ಮಾಡಿದ್ನಿ, ನಿಮಗೂ, ಈ ಕೂಸಿಗೂ. ಬೈರಿ ಸರ್. ಬೈದ ಹೋಗ್ರಿ."

ಅವನು ಬೈಯಲಿಲ್ಲ. ಕುರ್ಚಿಯಲ್ಲಿ ಕುಸಿದು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಹೊರಗೆ ನಿಪ್ಪಾಣಿ ಬಸ್ಸಿನ ಕಂಡಕ್ಟರ್ ಊರ ಹೆಸರು ಕೂಗುತ್ತಿದ್ದ. ನೀಲಮ ಬಸ್ಸಿನತ್ತ ನೋಡಿದಳು. ಹೋಗಿಬಿಡುತ್ತಾನೆ... ಹೋಗಲಿ, ನನಗೆ ತಕ್ಕದ್ದೇ...

"ಮಣ್ಣಿನ ಕೆಲಸಾ ಮೂರನೇ ಸಲಕ್ಕ ಮುಗದಿತ್ರಿ ನೀಲಮ," ಎಂದ ಅವನು, ಮುಖ ಎತ್ತದೆ.

ಮೇಡಂ ಅನ್ನದೆ ಅವನು ಅವಳ ಹೆಸರು ಹಿಡಿದದ್ದು ಅದೇ ಮೊದಲು!

"ಆಮ್ಯಾಲ ತಗೊಂಡ ಹೋಗಿದ್ದ ಮಣ್ಣೆಲ್ಲಾ ನಮ್ಮ ದ್ರಾಕ್ಷಿ ತ್ವಾಟದ ಬೇಲಿ ಹೊರಗ ಚೆಲ್ಲೇನಿ. ನಿಮ್ಮನ್ನ ನೋಡಾಕ ಬರ್ತಿದ್ನಿ. ಮನಿಗೆ ಹೋಗಿ, ಪುಣೆದಾಗಿನ ಆ ಪುಣ್ಯಾತ್ಮನ ಕ್ಷಮಾ ಮನಸಿನ್ಯಾಗ ಕೇಳ್ತಿದ್ನಿ. ಮಂದಿ ಹೆಂಡತಿ ಮ್ಯಾಲ ಮನಸಿಟ್ಟ ಪಾಪಿ ನಾನು ಅಂತ ಊಟಾನೂ ಸೇರ್ತಿರಲಿಲ್ಲ. ಇವತ್ತ ಅವರ ಕಾಲ ಹಿಡದ ಹೇಳಿ, ದೂರ ಹೋಗಬೇಕಂತ ಬಂದೇನಿ."

ನೀಲಮಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ತಾನು ಕಟ್ಟಿದ ಬೇಲಿಯ ಆಚೆ ಬದಿಗೆ ಇವನೂ ಇಷ್ಟು ದಿನ ತಲೆ ಚಚ್ಚಿಕೊಂಡಿದ್ದನೇ!

"ನನಗ ಮಗಳದಾಳ್ರಿ. ಅತ್ತಿ ಅದಾಳ. ಇವರನ್ನ ಬಿಟ್ಟ ನಾ ಎಲ್ಲೂ ಬರಾಕಿ ಅಲ್ಲ."

"ಬಿಟ್ಟ ಬಾ ಅಂತ ಯಾರಂದ್ರು?"

"ನಿಮ್ಮ ಮನ್ಯಾಗ? ನಾವು ಯಾವ ಜಾತಿ ಮಂದಿ ಅಂತ ಬುದ್ಧನ ಪಟಾ ನೋಡಿ ಮೊದಲ ದಿನಾನ ನಿಮಗ ಗೊತ್ತಾಗೈತಿ."

"ಗೊತ್ತಾಗೇ ನೀರ ಕುಡದೇನಲ್ರಿ." ಅವನು ಕಣ್ಣೊರೆಸಿಕೊಂಡು ಸಣ್ಣಗೆ ನಕ್ಕ. "ನಮ್ಮವ್ವ ಗಿರಿಜವ್ವ ಸುಮ್ಮನ ಒಪ್ಪಾಕಿ ಅಲ್ಲ. ಅಳ್ತಾಳ, ಒಂದ ವರ್ಷಾ ಮಾತ ಬಿಡ್ತಾಳ. ಓಣಿ ಮಂದಿ ಬಾಯಿಗೆ ಬಂದಂಗ ಅಂತಾರ. ಅದನ್ನ ನಾ ತಡಕೋತೀನಿ. ಆದ್ರ ನೀವು ಇನ್ನೊಂದ ಸುಳ್ಳ ಹೇಳಿದ್ರ ಮಾತ್ರ ತಡಕೊಳ್ಳಾಕ ಆಗೂದಿಲ್ಲ."

"ಇಲ್ರಿ... ಇನ್ನ ಹೇಳೂದಿಲ್ಲ."

"ಹಂಗಾದ್ರ ಈಗ ಖರೇ ಹೇಳ್ರಿ. ನಾ ಬರಲ್ಯೋ ಬ್ಯಾಡೋ?"

ಈ ಸಲ ಅವಳು ಯಾರನ್ನೂ ಕೇಳಿ ಹೇಳುತ್ತೇನೆ ಎನ್ನಲಿಲ್ಲ.

"ಬರ್ರಿ," ಎಂದಳು. "ನನಗ ನೀವು ಬೇಕು."

ಆಬಾಸಾಹೇಬ ಚಹಾ ಹಿಡಿದು ಕೆಮ್ಮುತ್ತ ಬಂದಾಗ ಇಬ್ಬರೂ ಮುಖ ಒರೆಸಿಕೊಂಡು, ಹಳೆಯ ಮಾಡೆಲಿನ ಪರದೆಯನ್ನು ನೋಡುವ ನಾಟಕ ಮಾಡುತ್ತಿದ್ದರು. ನೀಲಮ ಕೂಡಿಟ್ಟ ಹಣದಲ್ಲಿ ತಾನೇ ಟ್ಯಾಬ್ ಕೊಂಡಳು. ಕವರನ್ನು ಆಬಾಸಾಹೇಬ ಬಿಟ್ಟಿ ಕೊಟ್ಟ. "ಮದುವಿ ಆಹೇರಿ ಅಂತ ತಿಳೀರಿ ವೈನಿ!" ಎಂದು ತನ್ನ ಮಾತಿಗೆ ತಾನೇ ನಕ್ಕ.

ಹೊರಗೆ ಅಥಣಿ ಬಸ್ಸು ಬಂದು ನಿಂತಿತು. ಸಿದ್ದಲಿಂಗ ಚೀಲ ಹೆಗಲಿಗೇರಿಸಿದ. "ಅವ್ವನ ಕೂಡ ಇವತ್ತ ಮಾತಾಡ್ತೀನಿ. ಬರ್ತೀನ್ರಿ," ಎಂದು ಮೆಟ್ಟಿಲಿಳಿದ.

ಎಷ್ಟೋ ದಿನಗಳಿಂದ ತುಟಿ ಹೊಲಿದುಕೊಂಡಂತಿದ್ದ ಭಾಗ್ಯಾ ಅವ್ವನ ಕೈ ಬಿಡಿಸಿಕೊಂಡು ಓಡಿದಳು. ಬಸ್ಸಿನ ಬಾಗಿಲಿಗೆ ಕೈ ಹಾಕಿದ್ದವನ ಅಂಗಿಯ ಚುಂಗು ಹಿಡಿದು ಎಳೆದಳು.

ಅವನು ತಿರುಗಿ ಮೊಣಕಾಲೂರಿ ಕುಳಿತ. "ಏನವಾ?"

ಅವಳು ಹಿಂದೆ ನಿಂತ ಅವ್ವನನ್ನು ಒಮ್ಮೆ ನೋಡಿದಳು. ಆಮೇಲೆ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ ಕೇಳಿದಳು.

"ನೀವು ಖರೇ ಅದೀರಿ ಹೌದಲ್ರಿ?"